ಎದುರು ಬಾಗಿಲಿನ ಗಾಜಿನ ಮಾಲೆ

ಇಡೀ ಜಗಳದ ಮೂಲ ಒಂದು ರಟ್ಟಿನ ನಕ್ಷತ್ರ. ಹೋದ ವರ್ಷದ ಕೊನೆಯ ರಜೆಯಲ್ಲಿ ಗಾಜಣ್ಣನ ಹೆಂಡತಿ ಅದನ್ನು ಊಟ ತಿಂಡಿ ಮರೆತು ಕತ್ತರಿಸಿ, ಅಂಟಿಸಿ, ಬಣ್ಣ ಬಳಿದು ಎದುರು ಮನೆಯ ಟೀಚರಮ್ಮನ ಬಾಗಿಲಿಗೆ ತೂಗುಹಾಕಿದ್ದಳು. ಟೀಚರಮ್ಮ ಅದನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು, ಕೊನೆಗೆ ಕಟ್ಟಡದವರೆಲ್ಲರ ಎದುರಿಗೆ, "ಪಾಪ, ಇನ್ನೂ ಚಿಕ್ಕ ಹುಡುಗಿ. ಕಲಿತ್ಕೊಳ್ತಾಳೆ ಬಿಡಿ" ಅಂದುಬಿಟ್ಟರು. ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಯಾರನ್ನು ಕಂಡರೂ ಪಾಸು ನಪಾಸು ಮಾಡುವುದು ಅವರಿಗೆ ಉಸಿರಾಡಿದಷ್ಟೇ ಸಹಜ.

"ಇಪ್ಪತ್ತು ವರ್ಷ ಸಂಸಾರ ಮಾಡಿದೋಳು ಚಿಕ್ಕ ಹುಡುಗಿನಾ ನಾನು?" ಎಂದು ಹೆಂಡತಿ ಅಂದು ಕೇಳಿದ್ದಳು. ಆ ಹೊತ್ತಿನಿಂದ ಅವಳು ಟೀಚರಮ್ಮನ ಜೊತೆ ಮಾತು ಬಿಟ್ಟಳು.

ಮಾತು ಬಿಡುವುದು ಸುಲಭ. ಆದರೆ ಎರಡೂ ಮನೆಗೆ ನೀರಿನ ಮೋಟರು ಒಂದೇ, ಬಟ್ಟೆ ಒಣಹಾಕುವ ತಂತಿ ಒಂದೇ, ಬಾಗಿಲ ಮುಂದಿನ ಜಾಗವೂ ಒಂದೇ. ಹಾಗಾಗಿ ಇಬ್ಬರೂ ಎದುರುಬದುರು ನಿಂತು ಗಾಜಣ್ಣನ ಮೂಲಕ ಮಾತಾಡತೊಡಗಿದರು. "ಮೋಟರ್ ಆಫ್ ಮಾಡೋಕೆ ಹೇಳ್ರೀ ಅವರಿಗೆ" ಎಂದು ಇವಳು. "ಆಗಲೇ ಮಾಡಾಯ್ತು ಅಂತ ಹೇಳಪ್ಪ" ಎಂದು ಅವರು. ಇಬ್ಬರಿಗೂ ಕಿವಿ ಚೆನ್ನಾಗಿ ಕೇಳುತ್ತದೆ. ಆದರೂ ಗಾಜಣ್ಣ ನಡುವೆ ನಿಂತು ಪ್ರತಿ ಮಾತನ್ನೂ ಇನ್ನೊಮ್ಮೆ ಹೇಳಲೇಬೇಕು. ಸ್ನಾನಕ್ಕೆ ಇಳಿದವನನ್ನು ಮೈಮೇಲಿನ ಸೋಪಿನ ಸಮೇತ ಕರೆಸಿ, ತಂತಿಯ ಮೇಲಿನ ಚಾದರ ಯಾರದ್ದು ಎಂದು ವಿಚಾರಿಸಿದ್ದೂ ಉಂಟು. ವರ್ಷವಿಡೀ ಹೀಗೆ. ಪಾಪದ ಮನುಷ್ಯನಿಗೆ ಬದುಕಿನಲ್ಲಿ ಉಳಿದಿದ್ದು ಒಂದೇ ಆಸೆ: ಇವರಿಬ್ಬರೂ ನೇರವಾಗಿ ಮಾತಾಡಬೇಕು, ತಾನು ಬಾಯಿ ಮುಚ್ಚಿಕೊಂಡು ಕೂರಬೇಕು.

ಈ ವರ್ಷ ಮತ್ತೆ ವರ್ಷಾಂತ್ಯದ ರಜೆ ಬಂತು. ಆ ಕಟ್ಟಡದ ಪದ್ಧತಿಯೇ ವಿಚಿತ್ರ. ಯಾರೂ ತಮ್ಮ ಬಾಗಿಲನ್ನು ತಾವು ಸಿಂಗರಿಸುವಂತಿಲ್ಲ. ಚೀಟಿ ಎತ್ತಿ, ಯಾರ ಹೆಸರು ಬರುತ್ತದೋ ಅವರ ಬಾಗಿಲಿಗೆ ಕೈಯಾರೆ ಮಾಡಿದ್ದೇನನ್ನಾದರೂ ಕದ್ದುಮುಚ್ಚಿ ತೂಗುಹಾಕಬೇಕು. ಸಂಜೆ ಎಲ್ಲರೂ ಮೆಟ್ಟಿಲ ಬಳಿ ಸೇರಿದಾಗ, ಅದು ಯಾರ ಕೈಕೆಲಸ ಎಂದು ಆ ಮನೆಯವರು ಊಹಿಸಬೇಕು. ಹೆಂಡತಿ ಚೀಟಿ ಎತ್ತಿದಳು. ಗ್ರಹಚಾರಕ್ಕೆ ಮತ್ತೆ ಟೀಚರಮ್ಮನೇ.

"ಪ್ರಾಣ ಹೋದ್ರೂ ಮಾಡಲ್ಲ" ಎಂದು ಅವಳು ಚೀಟಿಯನ್ನು ಒಲೆಗೆ ಹಾಕಿದಳು.

ಗಾಜಣ್ಣನ ತಲೆಯಲ್ಲಿ ಆಗ ಒಂದು ಯೋಚನೆ ಹೊಳೆಯಿತು. ಅವನ ತಲೆಯಲ್ಲಿ ಯೋಚನೆ ಹೊಳೆದಾಗಲೆಲ್ಲ ಯಾರಿಗೋ ಕಷ್ಟ ಕಾದಿರುತ್ತದೆ, ಹೆಚ್ಚಾಗಿ ಅವನಿಗೇ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಗೀರು ಬಿದ್ದದ್ದು, ಪವರ್ ತಪ್ಪಿದ್ದು, ಗಿರಾಕಿ ಬೇಡವೆಂದು ಬಿಟ್ಟುಹೋದದ್ದು, ಅಂಥ ಗಾಜುಗಳು ಒಂದು ಡಬ್ಬದ ತುಂಬ ಮೂಲೆಯಲ್ಲಿ ಬಿದ್ದಿದ್ದವು. ಅವನ್ನು ತಂದು, ಅಂಚಿಗೆ ತೂತು ಕೊರೆದು, ಮೀನಿನ ಗಾಳದ ದಾರದಲ್ಲಿ ಪೋಣಿಸಿ, ಬಗ್ಗಿಸಿದ ಹ್ಯಾಂಗರಿನ ಸುತ್ತ ಇಳಿಬಿಟ್ಟ. ಬೆಳಗಾಗುತ್ತಲೇ ಟೀಚರಮ್ಮನ ಬಾಗಿಲಿಗೆ ಸಿಕ್ಕಿಸಿ ಕಾಲಿಗೆ ಬುದ್ಧಿ ಹೇಳಿದ. ಹೊಗಳಿಕೆ ಬಂದರೆ ಹೆಂಡತಿಯ ಲೆಕ್ಕಕ್ಕೆ ಬೀಳಲಿ, ಆಮೇಲೆ ಮಾತು ತಾನಾಗಿ ಶುರುವಾಗುತ್ತದೆ ಎಂಬುದು ಅವನ ಹಂಚಿಕೆ.

ಹಂಚಿಕೆ ಚೆನ್ನಾಗಿಯೇ ಹೊರಟಿತು. ಮೆಟ್ಟಿಲ ಬಳಿಯ ಕಿಟಕಿಯಿಂದ ಬಿಸಿಲು ಬಿದ್ದದ್ದೇ ಗೋಡೆಯ ತುಂಬ ಬೆಳಕಿನ ಚುಕ್ಕೆಗಳು ಓಡಾಡತೊಡಗಿದವು. ಮೇಲಿನ ಮನೆಯ ಬಸ್ ಡ್ರೈವರು ಇಳಿಯುತ್ತಿದ್ದವನು ನಿಂತ. ಕೆಳಗಿನ ಟೈಲರು ಹತ್ತಿ ಬಂದ. ಟೀಚರಮ್ಮ ಹೊರಬಂದು ಒಂದು ಗಾಜಿಗೆ ಕಣ್ಣು ಹಚ್ಚಿದರು.

"ಇದರಲ್ಲಿ ಟೈಲರು ಕುಂಬಳಕಾಯಿ ಥರ ಕಾಣ್ತಾನೆ" ಎಂದರು.

"ಇದರಲ್ಲಿ ನೋಡಿ, ನೀವು ಬೆರಳಿನಷ್ಟು ಇದ್ದೀರ" ಎಂದ ಟೈಲರು.

ಆಮೇಲೆ ಕೇಳಬೇಕೇ. ಎಲ್ಲರಿಗೂ ಎಲ್ಲ ಗಾಜಿನಲ್ಲೂ ನೋಡಿಬಿಡುವ ಕುತೂಹಲ. ಇದರಲ್ಲಿ ಏನು ಕಾಣುತ್ತದೆ, ಅದರಲ್ಲಿ ಏನು ಕಾಣುತ್ತದೆ ಎಂದು ಸರದಿಯ ಮೇಲೆ ಬಗ್ಗಿದರು. ಹೀಗೆ ನೋಡುತ್ತಿರುವಾಗ ಟೈಲರು ಒಂದು ಗಾಜಿನ ಬಳಿ ನಿಂತೇಬಿಟ್ಟ. ಜೇಬಿನಿಂದ ಸೂಜಿ ತೆಗೆದ, ದಾರ ತೆಗೆದ, ಒಂದೇ ಏಟಿಗೆ ಪೋಣಿಸಿದ.

"ಈ ಗಾಜು ನಂಗಿರಲಿ" ಎಂದು ದಾರ ಕತ್ತರಿಸಿ ಜೇಬಿಗಿಳಿಸಿದ.

ಡ್ರೈವರು ಇನ್ನೊಂದು ಗಾಜಿನಲ್ಲಿ ಕಿಟಕಿಯಾಚೆ ನೋಡುತ್ತ, "ಅಲ್ಲೊಂದು ಸಿಗ್ನಲ್ ಕಂಬ ಇದೆಯಲ್ಲ, ಯಾವಾಗ ಹಾಕಿದ್ರು?" ಎಂದ. ಕಂಬ ಹಾಕಿ ವರ್ಷಗಳಾಗಿದ್ದವು. ದಿನಾ ಅವನ ಬಸ್ಸಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದವರು ಮುಖ ಮುಖ ನೋಡಿಕೊಂಡು, ಆ ಗಾಜನ್ನು ಅವನಿಗೆ ತಾವೇ ಬಿಚ್ಚಿಕೊಟ್ಟರು. ಅಷ್ಟರಲ್ಲಿ ಟೀಚರಮ್ಮನಿಗೂ ತಮ್ಮದು ಸಿಕ್ಕಿತು. ಅದನ್ನು ಕಣ್ಣಿಗೆ ಹಿಡಿದು ತಮ್ಮ ಬಾಗಿಲನ್ನೇ ಬಹಳ ಹೊತ್ತು ನೋಡಿದರು.

"ಈ ಬಾಗಿಲು ಹಸಿರು ಬಣ್ಣದ್ದಾ? ನಾನು ಕಂದು ಅಂದ್ಕೊಂಡಿದ್ದೆ."

ಇಷ್ಟನ್ನೂ ಹೆಂಡತಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಮಾತು ಬಿಟ್ಟವಳು ಹೊರಗೆ ಬರುವಂತಿಲ್ಲ, ಒಳಗೆ ಕೂರಲು ಜೀವ ಕೇಳುತ್ತಿಲ್ಲ. ಅಂಗಡಿಗೆ ಹೊರಟ ಗಂಡನ ತೋಳು ಹಿಡಿದು ಅಡುಗೆಮನೆಗೆ ಎಳೆದಳು.

"ಅದೇನ್ರೀ ಅದು, ಎದುರು ಬಾಗಿಲಲ್ಲಿ?"

"ನಿನ್ನ ಬದಲು ನಾನೇ ಮಾಡಿ ಹಾಕ್ದೆ" ಎಂದು ಗಾಜಣ್ಣ ಏಟಿಗೆ ತಯಾರಾಗಿ ನಿಂತ.

ಅವಳು ಮುಖ ಗಂಟು ಹಾಕಿಕೊಂಡಳು. ಹೊರಗೆ ಯಾರೋ, ಇಂಥ ಚಂದದ ಕೆಲಸ ಈ ಕಟ್ಟಡದಲ್ಲಿ ಯಾರೂ ಮಾಡಿರಲಿಲ್ಲ ಅನ್ನುವುದು ಕೇಳಿಸಿತು. ಗಂಟು ನಿಧಾನವಾಗಿ ಸಡಿಲವಾಯಿತು.

"ಅದು ನಾನು ಮಾಡಿದ್ದು. ತಿಳೀತಾ?" ಎಂದಳು.

"ತಿಳೀತು" ಎಂದ ಗಾಜಣ್ಣ. ಅವನಿಗೂ ಬೇಕಾದದ್ದು ಅದೇ. ಅಂಗಡಿಯವರೆಗೂ ಸಿಳ್ಳೆ ಹಾಕುತ್ತ ನಡೆದ.

ಸಿಳ್ಳೆ ಹೆಚ್ಚು ಹೊತ್ತು ಬಾಳಲಿಲ್ಲ. ಮೊದಲು ಟೈಲರು ಬಂದು ಕೌಂಟರಿನ ಮೇಲೆ ಗಾಜಿಟ್ಟು, "ಇದಕ್ಕೊಂದು ಫ್ರೇಮು ಹಾಕಿಕೊಡಿ" ಎಂದು ಮಾಲೀಕನಿಗೆ ಹೇಳಿದ. ಹಿಂದೆಯೇ ಡ್ರೈವರು. ಅವನ ಹಿಂದೆ ಟೀಚರಮ್ಮ, ಅವರ ಹಿಂದೆ ಒಂದೊಂದು ಗಾಜು ಹಿಡಿದ ಕಟ್ಟಡದ ಉಳಿದವರು. ಮಾಲೀಕ ಗಾಜನ್ನು ಬೆಳಕಿಗೆ ಹಿಡಿದು, ಅಂಚಿನ ತೂತನ್ನು ಉಗುರಿನಿಂದ ಮುಟ್ಟಿ ನೋಡಿದ. ಗಾಜಣ್ಣ ಫ್ರೇಮುಗಳ ಹಿಂದೆ ತಲೆ ತಗ್ಗಿಸಿದ.

"ಈ ತೂತು ನಮ್ಮ ಮೆಷಿನ್ನಿಂದಲ್ವೇನೋ?"

"ಹೌದು ಸಾರ್. ಕಸದ ಡಬ್ಬದ್ದು. ಮನೆಯೋಳು ಅಲಂಕಾರಕ್ಕೆ ಅಂತ..."

ಮಾಲೀಕ ಗಾಜಣ್ಣನನ್ನು ನೋಡಿದ, ಸಾಲು ನಿಂತ ಗಿರಾಕಿಗಳನ್ನು ನೋಡಿದ. ರಜೆಯ ಸಮಯದಲ್ಲಿ ಅಂಗಡಿಗೆ ನೊಣವೂ ಬರುತ್ತಿರಲಿಲ್ಲ. ಬೈಯಲು ತೆರೆದ ಬಾಯನ್ನು ನಗುವಾಗಿ ತಿರುಗಿಸಿ, ಎಲ್ಲರ ಕಣ್ಣನ್ನೂ ತಾನೇ ಕೂತು ಪರೀಕ್ಷೆ ಮಾಡಿ, ಅವರು ತಂದ ಗಾಜಿಗೆ ಜೋಡಿ ಗಾಜನ್ನೂ ಆರಿಸಿಕೊಟ್ಟ. ಗಾಜಣ್ಣ ಮಧ್ಯಾಹ್ನದ ಊಟವನ್ನೂ ಬಿಟ್ಟು ಉಜ್ಜಿದ, ಕೂರಿಸಿದ, ತಿರುಪು ಬಿಗಿದ. ಟೀಚರಮ್ಮನ ಕನ್ನಡಕಕ್ಕಂತೂ ವಿಶೇಷ ಮುತುವರ್ಜಿ. ಮಾಲೆ ಮಾಡಿದವಳ ಮೇಲೆ ಅವರಿಗೆ ಮಮತೆ ಹುಟ್ಟಲಿ ಎಂದು ಎರಡು ಸಲ ಒರೆಸಿ ಕೊಟ್ಟ.

"ನಿನ್ನ ಹೆಂಡತೀನೇ ಮಾಡಿದ್ದು ಅಂತ ನಂಗೆ ಗೊತ್ತಾಗಿದೆ" ಎಂದು ಟೀಚರಮ್ಮ ಪಿಸುಗುಟ್ಟಿದರು. "ಸಂಜೆ ಎಲ್ಲರ ಮುಂದೆ ಹೇಳ್ತೀನಿ. ನನ್ನ ತಪ್ಪೂ ಒಪ್ಕೋಬೇಕು. ಅಲ್ಲೀವರೆಗೂ ಈ ಕನ್ನಡಕ ಪೆಟ್ಟಿಗೇಲೇ ಇರಲಿ. ಮೊದಲು ಅವಳನ್ನೇ ನೋಡ್ತೀನಿ."

ಗಾಜಣ್ಣನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಸಂಜೆ ಮೆಟ್ಟಿಲ ಬಳಿ ಎಲ್ಲರೂ ಸೇರಿದರು. ಮಾಲೆಯಲ್ಲಿ ಹ್ಯಾಂಗರು, ದಾರ ಮತ್ತು ಯಾರಿಗೂ ಹೊಂದದ ಒಂದೆರಡು ಗಾಜು ಬಿಟ್ಟರೆ ಏನೂ ಉಳಿದಿರಲಿಲ್ಲ. ಹೆಂಡತಿ ಒಳ್ಳೆಯ ಸೀರೆಯುಟ್ಟು, ಏನೂ ಅರಿಯದವಳಂತೆ ಬಾಗಿಲಿಗೆ ಒರಗಿ ನಿಂತಿದ್ದಳು. ಟೀಚರಮ್ಮನ ಸರದಿ ಬಂತು. ಅವರು ನೇರವಾಗಿ ಅವಳತ್ತ ನಡೆದರು. ಗಾಜಣ್ಣ ಅಭ್ಯಾಸಬಲದಿಂದ ನಡುವೆ ಬಂದು ನಿಂತ. ಟೀಚರಮ್ಮ ಅವನನ್ನು ಪಕ್ಕಕ್ಕೆ ಸರಿಸಿದರು. ಆ ಸರಿಸುವಿಕೆಯಷ್ಟು ಹಿತವಾದದ್ದನ್ನು ಅವನು ಆ ವರ್ಷವಿಡೀ ಅನುಭವಿಸಿರಲಿಲ್ಲ.

"ಇದನ್ನ ಮಾಡಿದೋಳು ನೀನೇ ಅಲ್ವೇನಮ್ಮ?"

"ಹೂಂ ಮೇಡಂ, ಏನೋ ಕೈಗೆ ಬಂದ ಹಾಗೆ" ಎಂದಳು ಹೆಂಡತಿ, ನೆಲ ನೋಡುತ್ತ. ವರ್ಷದ ಮೇಲೆ ಆಡಿದ ಮೊದಲ ಮಾತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಟೀಚರಮ್ಮ ಪೆಟ್ಟಿಗೆ ತೆಗೆದು ಹೊಸ ಕನ್ನಡಕ ಏರಿಸಿ, ಅವಳ ಗಲ್ಲ ಹಿಡಿದೆತ್ತಿ ನೋಡಿದರು. ನೋಡುತ್ತಲೇ ಇದ್ದರು. ಅವರ ಮುಖದಲ್ಲಿ ಅಚ್ಚರಿ, ಆಮೇಲೆ ನಿಜವಾದ ಪಶ್ಚಾತ್ತಾಪ.

"ಅಯ್ಯೋ, ನೀವು ಚಿಕ್ಕ ಹುಡುಗಿ ಅಲ್ವೇ ಅಲ್ಲ" ಎಂದರು. ನೀನು ಹೋಗಿ ನೀವು ಆಗಿತ್ತು. "ಕಿವಿ ಹತ್ರ ಪೂರ್ತಿ ನರೆ. ಕಣ್ಣ ಕೆಳಗೆ ಇಷ್ಟೊಂದು ಗೆರೆ. ನನ್ನ ತಂಗಿ ವಯಸ್ಸಿನೋರು ನೀವು. ಹೋದ ವರ್ಷ ಕಣ್ಣು ಕಾಣದೆ ಹುಡುಗಿ ಅಂದ್ಬಿಟ್ಟೆ. ದಯವಿಟ್ಟು ಕ್ಷಮಿಸಿ."

ಚಪ್ಪಾಳೆ ನಿಂತಿತು. ಟೈಲರು ತನ್ನ ಕನ್ನಡಕ ಸರಿಪಡಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದು ನೋಡಿದ. ಡ್ರೈವರು ದೂರದಿಂದಲೇ ನೋಡಿದ. ಇಬ್ಬರೂ ಹೌದೆಂದು ತಲೆಯಾಡಿಸಿದ್ದು ಎಲ್ಲರಿಗೂ ಕಂಡಿತು.

ಗಾಜಣ್ಣ ಕಣ್ಣು ಮುಚ್ಚಿಕೊಂಡ. ಇನ್ನೊಂದು ವರ್ಷ ನಡುವೆ ನಿಲ್ಲಬೇಕಲ್ಲ ಎಂದುಕೊಂಡ. ಆದರೆ ಹೆಂಡತಿ ಟೀಚರಮ್ಮನ ಮೇಲೆ ಸಿಡುಕಲಿಲ್ಲ. ಕ್ಷಮೆ ಕೇಳಿದವರ ಮೇಲೆ ಹೇಗೆ ಸಿಡುಕುವುದು? ಅವಳು ಕತ್ತು ತಿರುಗಿಸಿ, ಆ ಗಾಜು ಹೆಕ್ಕಿದವನನ್ನು, ಪೋಣಿಸಿದವನನ್ನು, ಉಜ್ಜಿ ಒರೆಸಿ ಆ ಕಣ್ಣಿಗೆ ಕೂರಿಸಿದವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮಾಡಿದ್ದು ನಾನಲ್ಲ ಮೇಡಂ. ಇವರು" ಎಂದು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಬಾಗಿಲು ಮತ್ತೆ ತೆರೆಯಿತು. ಗಾಜಣ್ಣ ಒಬ್ಬನೇ ಹ್ಯಾಂಗರು ಬಿಚ್ಚುತ್ತ ನಿಂತಿದ್ದ. ಹೆಂಡತಿ ಅವನ ತಲೆಯ ಮೇಲಿಂದ ಎದುರು ಮನೆಯತ್ತ ಕೂಗಿದಳು.

"ಮೇಡಂ, ಊಟ ಆರ್ತಾ ಇದೆ ಅಂತ ಸ್ವಲ್ಪ ಅವರಿಗೆ ಹೇಳ್ತೀರಾ?"

ಟೀಚರಮ್ಮ ಹೊರಬಂದು, ಕನ್ನಡಕ ಸರಿ ಮಾಡಿಕೊಂಡು, ಗಾಜಣ್ಣನ ಎದುರು ನಿಂತು ಹೇಳಿದರು: "ಊಟ ಆರ್ತಾ ಇದೆಯಂತಪ್ಪ."