ಕಾದ ನೀರು

ಅಣ್ಣನಿಗೆ ಕುಡಿಯುವ ನೀರು ಕುದಿಸಿಕೊಡುವುದು, ಇದೊಂದು ಕೆಲಸವನ್ನು ನನಗೆ ಒಪ್ಪಿಸಿದ್ದರು. ಅದನ್ನೂ ನಾನು ಮಾಡಲಿಲ್ಲ. ನಾಲ್ಕನೇ ಕ್ಲಾಸಿಗೆ ಓದು ಬಿಟ್ಟವನು ಬರೆಯಲು ಕೂತರೆ ತನ್ನ ಬಗ್ಗೆ ಒಂದಾದರೂ ಒಳ್ಳೆಯ ಸಂಗತಿ ಹುಡುಕಿಕೊಳ್ಳಬೇಕಿತ್ತು. ಹುಡುಕಿದೆ, ಇದೇ ಸಿಕ್ಕಿತು.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಕೊಳ್ಳೇಗಾಲದ ರೇಷ್ಮೆ ಸೀರೆಗಳ ಗಂಟು ಕಟ್ಟಿಕೊಂಡು ಅಣ್ಣ ಕೊಲಂಬೊಗೆ ಹೊರಟ. ಅಡಿಗೆಗೆಂದು ನನ್ನನ್ನೂ ಹಡಗು ಹತ್ತಿಸಿದ. ಅಲ್ಲಿ ನಮಗೆ ಕೋಣೆ ಬಾಡಿಗೆಗೆ ಕೊಟ್ಟ ಹೆಂಗಸು ಮೊದಲ ದಿನವೇ ತಮಿಳಿನಲ್ಲಿ ಎಚ್ಚರಿಸಿದಳು: ಹೊಸಬರು ನಲ್ಲಿನೀರನ್ನು ಕುದಿಸಿಯೇ ಕುಡಿಯಬೇಕು. ನಮ್ಮೂರು ಮಧುವನಹಳ್ಳಿಯ ಬಾವಿಯಲ್ಲಿ ಸೇದಿ, ಕಸಕಡ್ಡಿ ಊದಿ ಸರಿಸಿ ಕುಡಿದು ಬೆಳೆದವನು ನಾನು. ಹಿತ್ತಾಳೆ ನಲ್ಲಿಯಿಂದ ಫಳಫಳ ಬೀಳುವ ನೀರನ್ನು ಕುದಿಸುವುದೆಂದರೆ ಸ್ನಾನ ಮಾಡಿ ಬಂದವನನ್ನು ಮತ್ತೆ ಬಚ್ಚಲಿಗೆ ತಳ್ಳಿದಂತೆ ಕಂಡಿತು. ಮೇಲಾಗಿ, ಇದ್ದಿಲ ಒಲೆ ಊದುತ್ತ ಕೂತರೆ ಬಂದರಿನ ಹಡಗು ನೋಡುವವರು ಯಾರು? ಎರಡು ದಿನ ಕುದಿಸಿದೆ. ಮೂರನೆಯ ದಿನದಿಂದ ನಲ್ಲಿಗೇ ಹೂಜಿ ಹಿಡಿದೆ.

ಸಂಜೆ ಬಿಸಿಲಲ್ಲಿ ತಿರುಗಿ ಬಂದ ಅಣ್ಣ, "ನೀರು ಕಾದಿತ್ತೇನ್ಲಾ?" ಅನ್ನುತ್ತಿದ್ದ.

"ಆಗ್ಲೇ ಕಾದಿತ್ತು ಕಣಣ್ಣ."

ಸುಳ್ಳೇನಲ್ಲ. ಬೆಳಗಿನಿಂದ ಅದು ಹೂಜಿಯಲ್ಲಿ ಅವನಿಗಾಗಿ ಕಾದೇ ಇತ್ತು. ಬಿಸಿಯಾಗುವುದಕ್ಕೂ ದಾರಿ ನೋಡುವುದಕ್ಕೂ ಒಂದೇ ಮಾತಿಟ್ಟ ಹಿರಿಯರನ್ನು ಮನಸ್ಸಿನಲ್ಲೇ ಕೊಂಡಾಡಿದೆ.

ವಾರದೊಳಗೆ ಅಣ್ಣನಿಗೆ ಭೇದಿ ಹತ್ತಿಕೊಂಡಿತು. ಅರ್ಧ ಸೀರೆಗಳನ್ನು ಬಿಚ್ಚಿಯೂ ತೋರಿಸದೆ, ಅವನನ್ನು ತೋಳು ಹಿಡಿದು ಊರಿಗೆ ಕರೆತಂದೆ. "ಅದೇ ನೀರು ಕುಡ್ದ ನೀನು ಗುಂಡುಕಲ್ಲಂಗಿದ್ದೀಯ. ನನ್ನೊಟ್ಟೇನೇ ಸರಿಯಿಲ್ಲ ಕಣ್ಲಾ," ಎಂದು ಅವನೇ ನನ್ನನ್ನು ಸಮಾಧಾನ ಮಾಡಿದ. ದೇಶ ನೋಡಬೇಕೆಂದು ಹಂಬಲಿಸುತ್ತಿದ್ದವನು ಆಮೇಲೆ ಹತ್ತಿರದ ಹನೂರಿಗೆ ಹೋದರೂ ಮನೆಯ ನೀರನ್ನೇ ಚೊಂಬಿನಲ್ಲಿ ಒಯ್ಯುವವನಾದ. ಆ ಚೊಂಬು ಹಿಡಿದು ಹಿಂದೆ ನಡೆಯುತ್ತಿದ್ದವನು ನಾನೇ. ಏಳೆಂಟು ವರ್ಷ ಹೀಗೇ ನಡೆದೆ. ನಿಜ ಹೇಳಲು ಬಾಯಿ ಮಾತ್ರ ಬರಲಿಲ್ಲ.

ಯುದ್ಧ ಮುಗಿದ ಮೇಲೆ ಯಳಂದೂರಿನ ವ್ಯಾಪಾರಿಯೊಬ್ಬರು ನಮ್ಮ ಜಗಲಿಯಲ್ಲಿ ಕೂತು, ಸಿಂಗಪುರಕ್ಕೆ ಜೊತೆಗೆ ಬಾ ಎಂದು ಅಣ್ಣನನ್ನು ಕರೆದರು. ಅವನ ಮುಖ ಒಂದು ಗಳಿಗೆ ಅರಳಿತು. ಆಮೇಲೆ ಹೊಟ್ಟೆ ಸವರಿಕೊಂಡು, "ಇದು ಪರದೇಶಕ್ಕೆ ಆಗ್ಬರೋ ಒಟ್ಟೆ ಅಲ್ಲ ಸಾ. ನಮ್ ತಮ್ಮನ್ನ ಕರ್ಕಂಡೋಗಿ. ನೀರು ಚೆಂದಾಗಿ ಕಾಯಿಸ್ಕೊಡ್ತಾನೆ," ಎಂದ.

ಎದ್ದು ಒಳಗೆ ಹೋಗಿಬಿಡೋಣ ಎನ್ನಿಸಿತು. ಆದರೆ ಅಲ್ಲೇ ಕೂತು, ಆ ವ್ಯಾಪಾರಿಯ ಎದುರಿಗೇ ಹೇಳಿದೆ:

"ನಿನ್ನೊಟ್ಟೆ ಸರಿಯಾಗೇ ಅದೆ ಕಣಣ್ಣ. ನಾನು ನೀರು ಕುದಿಸ್ನೇ ಇಲ್ಲ. ನಿಂಗೆ ನಲ್ಲಿನೀರು ಕೊಟ್ಟು, ನಾನು ಎಳನೀರು ಕುಡ್ಕಂಡಿದ್ದೆ. ನೀನು ಓಗ್ಬುಟ್ಟು ಬಾ. ತಪ್ಪಾಯ್ತು ಕಣಣ್ಣ."