ಒಂದೇ ಗಡಿಯಾರ

ಸ್ಟುಡಿಯೋ ಯಜಮಾನರ ಉದ್ದನೆಯ ಹಾಡು ಮುಗಿಯುವ ಹೊತ್ತಿಗೆ ಕೀಬೋರ್ಡು ಮುಂದೆ ಹೋಗಿರುತ್ತಿತ್ತು, ಅವರ ದನಿ ಚೂರು ಹಿಂದೆ ಉಳಿದಿರುತ್ತಿತ್ತು. ಕಿವಿಯಣ್ಣನ ತಲೆನೋವು ಇಷ್ಟೇ. ಅಲ್ಲಿನ ರೆಕಾರ್ಡಿಂಗ್ ಅವನದು. ಎಲ್ಲಿ ಏನು ಕರ್ರೆಂದರೂ ಮೊದಲು ಅವನಿಗೇ ಕೇಳಿಸುತ್ತದೆಂದು ಆ ಹೆಸರು ಬಂದಿತ್ತು.

"ಆ ಮಿಷಿನ್ನು ಸಂಜೆಯೊಳಗೆ ಸರಿಮಾಡು. ಇಲ್ಲಾಂದ್ರೆ ನಾಳೆಯಿಂದ ನಿನ್ನ ಕುರ್ಚಿ ನನ್ನ ಭಾಮೈದಂದು," ಎಂದರು ಯಜಮಾನರು. ಕೀಬೋರ್ಡು ನುಡಿಸುವ ಭಾಮೈದ ಆಗಲೇ ಆ ಕುರ್ಚಿಯ ಎತ್ತರ ತಗ್ಗಿಸಿ ನೋಡುತ್ತಿದ್ದ.

ಕಿವಿಯಣ್ಣ ಟೊಂಕ ಕಟ್ಟಿ ನಿಂತ. ಯಾರಾದರೂ ನೋಡುತ್ತಿದ್ದರೆ ಯಜಮಾನರಿಗೆ ದನಿಯೇ ಏಳುವುದಿಲ್ಲ. ಹಾಗಾಗಿ ಅವರು ಒಂದು ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೀಬೋರ್ಡನ್ನು ಕೇಳುತ್ತ ಹಾಡಬೇಕು, ಅದು ಇನ್ನೊಂದರಲ್ಲಿ ನುಡಿಯಬೇಕು, ಕೋಣೆಗೊಂದು ರೆಕಾರ್ಡಿಂಗ್ ಯಂತ್ರ.

"ವೈರು ಹಳೇದು," ಎಂದು ಭಾಮೈದ ಚೆನ್ನಾಗಿದ್ದ ವೈರನ್ನೇ ಕಿತ್ತ. "ಮಿಷಿನ್ನಿಗೂ ಸೆಖೆ ಆಗುತ್ತೆ ಕಣಪ್ಪಾ," ಎಂದು ಸ್ಟುಡಿಯೋದ ಲೆಕ್ಕ ಬರೆಯುವವರು ಫ್ಯಾನು ಹಾಕಿದರು. ಮೈಕು ಬರೀ ಗಾಳಿಯನ್ನು ಹಿಡಿದುಕೊಂಡಿತು. ಯಜಮಾನರ ಹೆಂಡತಿ ಯಂತ್ರ ಒರೆಸುತ್ತ ಒರೆಸುತ್ತ ಬೆಳಗಿನಿಂದ ಮಾಡಿದ್ದನ್ನೆಲ್ಲ ಅಳಿಸಿಬಿಟ್ಟರು.

"ಕೆಂಪು ಬಟನ್ ಮೇಲೇ ಧೂಳು ಜಾಸ್ತಿ ಇತ್ತಪ್ಪಾ," ಎಂದರು.

ಕಿವಿಯಣ್ಣನಿಗೆ ಅಳುವೇ ಬಂತು. ಆದರೂ ಬಿಡಲಿಲ್ಲ. ಎಲ್ಲರನ್ನೂ ಹೊರಗಟ್ಟಿ, ಎರಡು ಯಂತ್ರಗಳನ್ನೂ ಪಕ್ಕಪಕ್ಕ ಇಟ್ಟು, ಗೋಡೆ ಗಡಿಯಾರದ ಟಿಕ್‌ಟಿಕ್ಕನ್ನು ಎರಡರಲ್ಲೂ ಹಿಡಿದ. ಕೇಳಿದರೆ, ಶುರುವಿನಲ್ಲಿ ಎರಡರ ಟಿಕ್ಕೂ ಒಟ್ಟಿಗೆ. ಕೊನೆಯಲ್ಲಿ ಬೇರೆ ಬೇರೆ. ಆಗ ಹೊಳೆಯಿತು. ಒಂದೊಂದು ಯಂತ್ರದ ಹೊಟ್ಟೆಯಲ್ಲೂ ಅದರದೇ ಒಂದು ಗಡಿಯಾರವಿದೆ, ಎರಡೂ ತಮ್ಮದೇ ಸರಿ ಎನ್ನುತ್ತಿವೆ, ಗಂಡಹೆಂಡಿರ ಹಾಗೆ! ನಡುವೆ ಒಂದು ವೈರು ಎಳೆದು, ಒಂದರ ಗಡಿಯಾರದಂತೆಯೇ ಇನ್ನೊಂದೂ ನಡೆಯುವ ಹಾಗೆ ಮಾಡಿದ. ಮತ್ತೆ ಟಿಕ್‌ಟಿಕ್ ಹಿಡಿದ. ಕೊನೆಯವರೆಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಸಂಜೆ ಎಲ್ಲರಿಗೂ ಅದನ್ನು ಕೇಳಿಸಿ, ಎದೆಯುಬ್ಬಿಸಿ ಹೇಳಿದ: "ಇನ್ನು ಮಿಷಿನ್ನಿಂದ ಒಂದು ಚೂರೂ ತಪ್ಪಾಗಲ್ಲ ಸರ್. ಬೇಕಾದ್ರೆ ಬರೆದುಕೊಡ್ತೀನಿ!"

ಯಜಮಾನರು ಖುಷಿಯಿಂದ ಕೋಣೆಗೆ ಹೋಗಿ ಹಾಡಿದರು. ಹಾಡು ಮುಗಿದ ಮೇಲೆ ಕಿವಿಯಣ್ಣ ದನಿ, ಕೀಬೋರ್ಡು ಎರಡನ್ನೂ ಕೂಡಿಸಿ ಹಾಕಿದ.

ಕೀಬೋರ್ಡು ಮುಗಿಸಿ ಸುಮ್ಮನಾಯಿತು. ಯಜಮಾನರ ದನಿ ಮಾತ್ರ ಇನ್ನೂ ಒಂದು ಇಡೀ ಸಾಲು, ಒಂಟಿಯಾಗಿ, ಭಾವಪೂರ್ಣವಾಗಿ ಹಾಡುತ್ತಲೇ ಇತ್ತು.

"ಹಾಗಾದ್ರೆ ಇಷ್ಟು ದಿನ ಹಿಂದೆ ಬೀಳ್ತಿದ್ದ ನಿಮ್ಮನ್ನ ಆ ಮಿಷಿನ್ನೇ ಮುಂದಕ್ಕೆ ತಳ್ಕೊಂಡು ಹೋಗ್ತಿತ್ತಾ ರೀ?" ಎಂದರು ಹೆಂಡತಿ.

ಯಜಮಾನರ ಮುಖ ಕೆಂಪೇರಿತು.

"ಚೂರು ಕೆಟ್ಟಿದ್ದನ್ನ ಪೂರ್ತಿ ಕೆಡಿಸಿಟ್ಟಿದ್ದಾನೆ! ಮೊದಲು ಆ ವೈರು ಕಿತ್ತುಹಾಕಿ!"

ಕಿವಿಯಣ್ಣ ವೈರು ಕಿತ್ತು ತಿರುಗಿ ನೋಡುವಷ್ಟರಲ್ಲಿ, ಭಾಮೈದ ಕುರ್ಚಿಯಲ್ಲಿ ಕೂತು ಎತ್ತರ ಸರಿಮಾಡಿಕೊಳ್ಳುತ್ತಿದ್ದ.