ಹಳೇ ಫ್ರಿಜ್ಜು ಕೆಟ್ಟ ಸಂಭ್ರಮ

ಮನೆಯಲ್ಲಿ ಏನಾದರೂ ಕೆಟ್ಟರೆ ಜನ ಬೇಜಾರು ಮಾಡಿಕೊಳ್ಳುತ್ತಾರೆ. ನನಗೆ ಮಾತ್ರ ಒಳಗೊಳಗೇ ಖುಷಿ. ಹಳೆಯದು ಹೋದರೆ ತಾನೇ ಹೊಸದು ಬರುವುದು! ಹಾಗಾಗಿ ಹೋದ ಸೋಮವಾರ ಬೆಳಿಗ್ಗೆ ನನ್ನ ಹೆಂಡತಿ ಸುಜಾತ ಅಡುಗೆಮನೆಯಿಂದ, "ರೀ, ಹಾಲು ಒಡೆದೋಯ್ತು. ಫ್ರಿಜ್ಜು ತಣ್ಣಗೇ ಆಗ್ತಿಲ್ಲ" ಎಂದು ಕೂಗಿದಾಗ, ಹಲ್ಲುಜ್ಜುತ್ತಿದ್ದವನು ನಿಂತಲ್ಲೇ ಎರಡು ಹೆಜ್ಜೆ ಕುಣಿದೆ. ನೊರೆಯೆಲ್ಲ ಕನ್ನಡಿಗೆ ಸಿಡಿಯಿತು.

ವಿಷಯ ಏನೆಂದರೆ, ಬಾಗಿಲಲ್ಲೇ ನಲ್ಲಿ ಇರುವ ಫ್ರಿಜ್ಜೊಂದನ್ನು ನಾನು ಮೂರು ತಿಂಗಳಿಂದ ಅಂಗಡಿಗೆ ಹೋಗಿ ನೋಡಿಕೊಂಡು ಬರುತ್ತಿದ್ದೆ. ಲೋಟ ಒತ್ತಿದರೆ ತಣ್ಣೀರು ಬೀಳುತ್ತದೆ ಕಣ್ರೀ! ಅಂಗಡಿಯವರು ಈಗೀಗ ನನ್ನನ್ನು ಕಂಡರೆ ಕುರ್ಚಿಯಿಂದ ಏಳುವುದೂ ಇಲ್ಲ. ಆದರೆ ಸುಜಾತಳಿಗೆ ಹಳೆಯದರ ಮೇಲೆ ಪ್ರಾಣ. "ನಮ್ಮಣ್ಣ ಕೊಡ್ಸಿದ್ದು, ಅಷ್ಟು ಸುಲಭಕ್ಕೆ ಹೋಗಲ್ಲ. ಮೆಕ್ಯಾನಿಕ್ಕು ಬಂದು ನೋಡಿ ಇದು ಹೋಯ್ತು ಅಂದ್ರೆ ನಾಳೇನೇ ಹೊಸದು ತನ್ನಿ. ಹೋಗಿಲ್ಲ ಅಂದ್ರೆ ಮಾತ್ರ ಆ ನಲ್ಲಿ ಸುದ್ದಿ ಇನ್ನು ಈ ಮನೇಲಿ ಎತ್ತಂಗಿಲ್ಲ" ಎಂದಳು.

ಒಪ್ಪಿಬಿಟ್ಟೆ. ನಾನೇನು ಸಾಮಾನ್ಯನೇ? ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ಸೂಪರ್‌ವೈಸರ್. ಅಲ್ಲಿ ಒಂದೊಂದು ಯಂತ್ರದ ಮೇಲೂ "ಗಾಳಿ ಆಡುವ ಜಾಗಕ್ಕೆ ಅಡ್ಡವಾಗಿ ಏನನ್ನೂ ಇಡಬಾರದು" ಎಂದು ಚೀಟಿ ಬರೆದು, ಸಹಿ ಹಾಕಿ ಅಂಟಿಸಿರುವವನು. ಯಾರಾದರೂ ಟಿಫನ್ ಡಬ್ಬಿ ಇಟ್ಟರೂ ಅವರ ಗ್ರಹಚಾರ ಬಿಡಿಸುತ್ತೇನೆ. ಮೇಲಿನ ಫ್ರೀಜರ್ ಮುಟ್ಟಿದೆ, ಕೊರೆಯುವಷ್ಟು ತಣ್ಣಗಿತ್ತು. ಕೆಳಗೆ ಕೈಯಿಟ್ಟೆ, ಬೆಚ್ಚಗಿತ್ತು. "ಕಂಪ್ರೆಸರ್ ಢಮಾರ್ ಕಣೇ!" ಎಂದು ತೀರ್ಪು ಕೊಟ್ಟವನೇ, ಹೊಸ ಫ್ರಿಜ್ಜು ನಮ್ಮ ಶೆಟ್ಟಿಹಳ್ಳಿ ಮನೆಯ ಬಾಗಿಲಲ್ಲಿ ತೂರುತ್ತದೋ ಇಲ್ಲವೋ ಎಂದು ಟೇಪು ಹಿಡಿದೆ.

ಸಂಜೆ ಗುಬ್ಬಿ ಕಡೆಯ ಮೆಕ್ಯಾನಿಕ್ ರಂಗಸ್ವಾಮಿ ಬಂದ. ಟೂಲ್ ಬ್ಯಾಗನ್ನು ಬಿಚ್ಚಲೂ ಇಲ್ಲ. ಫ್ರೀಜರ್ ಬಾಗಿಲು ತೆಗೆದವನೇ, "ಮ್ಯಾಲೆ ಹಿಂಗ್ ಐಸ್ ಕಟ್ಟೈತೆ, ಕಂಪ್ರೆಸರ್ ಹೆಂಗ್ ಹೋಯ್ತದೆ ಸಾರ್? ಇದೇನ್ ಹಿಂಗ್ ತುಂಬವ್ರೆ?" ಎನ್ನುತ್ತಾ ಒಂದೊಂದೇ ಪ್ಯಾಕೆಟ್ಟು ಹೊರಗೆಳೆದ. ಒಟ್ಟು ಇಪ್ಪತ್ತೊಂದು. ಹಿತಕಿದ ಅವರೆಬೇಳೆ!

ಅಯ್ಯೋ, ಅದು ನನ್ನದೇ ಆಸ್ತಿ. ಚಳಿಗಾಲ ಮುಗಿಯುತ್ತಾ ಬಂತೆಂದು ಅದರ ಹಿಂದಿನ ವಾರವಷ್ಟೇ ಬೆಳ್ಳಾವಿಯಿಂದ ಎರಡು ಮೂಟೆ ಅವರೆಕಾಯಿ ತರಿಸಿದ್ದೆ. ಇಡೀ ಮನೆಯವರನ್ನು ಕೂರಿಸಿ ಕಾಳು ಬಿಡಿಸಿ, ನೆನೆಹಾಕಿ, ಬೆರಳು ಸುಕ್ಕುಗಟ್ಟುವವರೆಗೆ ಸಿಪ್ಪೆ ಹಿತಕಿಸಿದ್ದೆ. ಬೇಸಿಗೆಯಲ್ಲೂ ಹಿತಕಿದ ಬೇಳೆ ಸಾರು ಉಣ್ಣಬೇಕೆಂಬ ಚಪಲ. ಸುಜಾತ ಎಲ್ಲಿ ನೆಂಟರಿಗೆ ಹಂಚಿಬಿಡುತ್ತಾಳೋ ಎಂದು ಫ್ರೀಜರಿನ ಹಿಂಗೋಡೆಗೆ ಒತ್ತಿ ಒತ್ತಿ ಬಚ್ಚಿಟ್ಟವನೂ ನಾನೇ.

"ತಣ್ಣನೆ ಗಾಳಿ ಕೆಳಕ್ಕಿಳಿಯೋ ಕಿಂಡಿಗೇ ಅಡ್ಡ ಇಟ್ಟಿದ್ರೆ ಪಾಪ ಅದೇನ್ ಮಾಡ್ತದೆ ಸಾರ್? ಗಟ್ಟಿ ಮಾಲು. ಇನ್ನ ಹತ್ತು ವರ್ಷ ಬರ್ತದೆ ಬುಡಿ" ಎಂದ ರಂಗಸ್ವಾಮಿ. ಹತ್ತು ವರ್ಷ! ಬೆಳಿಗ್ಗೆ ಹಿಡಿದಿದ್ದ ಟೇಪನ್ನು ಮೆಲ್ಲಗೆ ಸುತ್ತಿಟ್ಟೆ. ಸುಜಾತ ಕಾಫಿ ಕೊಟ್ಟು ಅವನನ್ನು ಕಳಿಸಿದ ಮೇಲೆ ಮೆತ್ತಗೆ, "ರೀ, ನಿಮ್ಮ ಫ್ಯಾಕ್ಟರಿ ಚೀಟಿ ಒಂದು ಮನೆಗೂ ತನ್ನಿ" ಎಂದಳು, ಅಷ್ಟೇ.

ತಂದುಕೊಟ್ಟೆ. ಈಗ ಮನೆಯಲ್ಲಿ ದಿನವೂ ಹಿತಕಿದ ಬೇಳೆ ಸಾರು, ಭರ್ಜರಿಯಾಗಿಯೇ ಉಣ್ಣುತ್ತಿದ್ದೇನೆ. ನಡುವೆ ನೀರಿಗೆಂದು ಎದ್ದು ಹೋದರೆ, ಫ್ರಿಜ್ಜಿನ ಬಾಗಿಲಲ್ಲಿ ನಲ್ಲಿ ಇರಬೇಕಾಗಿದ್ದ ಜಾಗದಲ್ಲೇ ಆ ಚೀಟಿ ಅಂಟಿದೆ. ಕೆಳಗೆ ದಪ್ಪಗೆ ನನ್ನದೇ ಸಹಿ.